ಎಂಟು ಗೆರೆಯ ಬಾಟಲಿ

ಫೆಬ್ರವರಿ 3, ಸೋಮವಾರ

ಔಷಧಿ ಕಂಪನಿಯವನು ಬಿಟ್ಟುಹೋದ ಡೈರಿ ಇದು. ಪ್ರತಿ ಹಾಳೆಯ ಕೆಳಗೂ ಒಂದೊಂದು ಸಿರಪ್ಪಿನ ಜಾಹೀರಾತು. ಒಂದು ತಿಂಗಳು ಗಲ್ಲಾಪೆಟ್ಟಿಗೆಯ ಕೆಳಗೆ ಬಿದ್ದಿತ್ತು. ಇವತ್ತು ಬರೆಯದಿದ್ದರೆ ಯಾರ ಮೇಲಾದರೂ ರೇಗಿಬಿಡುತ್ತೇನೆ ಅನ್ನಿಸಿ ಎತ್ತಿಕೊಂಡೆ.

ಎದುರಿನ ಮಕ್ಕಳ ಕ್ಲಿನಿಕ್ಕಿಗೆ ಹೊಸ ಡಾಕ್ಟರು ಬಂದು ಇಂದಿಗೆ ಇಪ್ಪತ್ತೊಂದು ದಿನ. ಎಣಿಸಿದ್ದೇನೆ. ಹಳೇ ಡಾಕ್ಟರು ಕಣ್ಣು ಮಂಜಾಗಿ, ಮಗಳ ಮನೆಗೆ ಹೊರಟುಹೋದರು. ಅವರ ಕುರ್ಚಿಯಲ್ಲಿ ಈಗ ಇವಳು. ಮೂವತ್ತು ದಾಟಿದ್ದರೆ ಹೆಚ್ಚು. ಕೆಂಪು ಚಪ್ಪಲಿ ಹಾಕುತ್ತಾಳೆ. ಡಾಕ್ಟರ ಕಾಲಿನಲ್ಲಿ ಕೆಂಪು ಚಪ್ಪಲಿಯನ್ನು ನಾನು ಇದೇ ಮೊದಲು ನೋಡಿದ್ದು.

ಹಳೇ ಡಾಕ್ಟರ ಕಾಲದಲ್ಲಿ ಮಗುವಿಗೆ ಕಿವಿನೋವು ಅಂದರೆ ಅವರು ಚೀಟಿಯನ್ನೂ ಬರೆಯುತ್ತಿರಲಿಲ್ಲ. "ಎದುರುಗಡೆ ಅಂಗಡಿಗೆ ಹೋಗಿ, ಆಯಮ್ಮನಿಗೆ ಗೊತ್ತು" ಅನ್ನುತ್ತಿದ್ದರು. ನನಗೆ ಗೊತ್ತಿತ್ತು. ಮೂಗಿನ ಹಿಂದಿನಿಂದ ಕಿವಿಯೊಳಕ್ಕೆ ಒಂದು ಸಣ್ಣ ನಾಳ. ನೆಗಡಿಯಾದರೆ ಅದು ಕಟ್ಟಿಕೊಳ್ಳುತ್ತದೆ, ಕಿವಿಯ ತಮಟೆಯ ಹಿಂದೆ ನೀರು ನಿಂತು ಕೀವಾಗುತ್ತದೆ. ಮೂಗು ಬಿಡಿಸಲು ಒಂದು ಸಿರಪ್, ನೀರು ಒಣಗಿಸಲು ಅಲರ್ಜಿಯ ಸಿರಪ್ ಒಂದು. ಎರಡನ್ನೂ ಒಂದೇ ಬಾಟಲಿಗೆ ಬೆರೆಸಿ, ಪಕ್ಕದಲ್ಲಿ ಅಪ್ಪ ಕಲಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದೆ. ಪಟ್ಟಿಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಸರಿಯಾಗಿ ಎಂಟು ಭಾಗ. ಒಂದು ಹೊತ್ತಿಗೆ ಒಂದು ಗೆರೆ. ಓದು ಬಾರದ ತಾಯಂದಿರಿಗೂ ತಪ್ಪುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಈ ಬೀದಿಯ ಮಕ್ಕಳ ಕಿವಿಯನ್ನೆಲ್ಲ ಕಾದದ್ದು ಆ ಎಂಟು ಗೆರೆ.

ಈಗ ತಾಯಂದಿರು ಅವಳ ಬಾಗಿಲಿನಿಂದ ನಗುನಗುತ್ತ ಬರಿಗೈಯಲ್ಲಿ ಇಳಿದು, ನನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತಾರೆ. ಇವತ್ತು ಒಬ್ಬಳನ್ನು ಕೂಗಿ ಕೇಳಿಯೇಬಿಟ್ಟೆ. "ಏನಮ್ಮ, ಚೀಟಿ ಕೊಡಲಿಲ್ವಾ?"

"ಏನೂ ಬೇಡ, ತಾನೇ ಹೋಗುತ್ತೆ ಅಂದ್ರು ಆಂಟಿ. ಎಷ್ಟು ಚೆನ್ನಾಗಿ ಮಾತಾಡ್ತಾರೆ ಗೊತ್ತಾ!"

ಔಷಧಿ ಕೊಡದ ಡಾಕ್ಟರು ಮಾತನ್ನಾದರೂ ಚೆನ್ನಾಗಿ ಆಡಬೇಕಲ್ಲ.

ಫೆಬ್ರವರಿ 7, ಶುಕ್ರವಾರ

ಗಿಣಿಗೆ ಬಲಗಿವಿ ನೋವು.

ಗಿಣಿ ನನ್ನ ತಮ್ಮನ ಮಗಳು, ನಾಲ್ಕು ವರ್ಷ. ಕೇಳಿದ್ದನ್ನೆಲ್ಲ ಹಾಗೇ ತಿರುಗಿ ಒಪ್ಪಿಸುವುದರಿಂದ ಆ ಹೆಸರು. ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅವನ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ. ಕೆಳಗಿನ ಮನೆ ಅವರದು, ಮಹಡಿಯ ಕೋಣೆ ನನ್ನದು. ನನಗೆ ಮದುವೆ ಆಗಲಿಲ್ಲ, ಅಂಗಡಿ ಆಯಿತು. ಶಿಶುವಿಹಾರ ಬಿಟ್ಟ ಮೇಲೆ ಹನ್ನೆರಡೂವರೆಯಿಂದ ನಾಲ್ಕರವರೆಗೆ ಗಿಣಿ ನನ್ನ ಅಂಗಡಿಯಲ್ಲೇ, ಕೌಂಟರಿನ ಹಿಂದೆ ಚಾಪೆಯ ಮೇಲೆ. ಆ ಮೂರೂವರೆ ಗಂಟೆ ನನ್ನದು. ಅದರಲ್ಲಿ ಯಾರೂ ಪಾಲು ಕೇಳಿದ್ದಿಲ್ಲ.

ಇವತ್ತು ಬೆಳಿಗ್ಗೆ ಮಗು ಕಿವಿ ಹಿಡಿದುಕೊಂಡು ಅತ್ತಿದೆ. ಮಹಡಿಯ ಮೇಲೆ ನಾನಿದ್ದೇನೆ. ನಾದಿನಿ ಹದಿನಾರು ಮೆಟ್ಟಿಲು ಹತ್ತಲಿಲ್ಲ, ಬೀದಿ ದಾಟಿ ಅವಳ ಹತ್ತಿರ ಹೋದಳು. ನನಗೆ ಗೊತ್ತಾದದ್ದು ಗಿಣಿಯ ಬಾಯಿಂದ.

"ಅತ್ತೆ, ಡಾಕ್ಟರಮ್ಮ ನನ್ನ ಕಿವೀಲಿ ಟಾರ್ಚ್ ಬಿಟ್ರು. ಆಮೇಲೆ ಅವರ ಕಿವೀಲಿ ನಾನು ಬಿಟ್ಟೆ. ಅವರ ಕಿವೀಲಿ ಗುಹೆ ಇದೆ!"

"ಹೌದಾ. ಔಷಧಿ ಏನು ಕೊಟ್ರು?"

"ನೋವಿಗೆ ಒಂದು. ಆಮೇಲೆ ಕಾಯೋದು."

ಸಂಜೆ ನಾದಿನಿಯನ್ನೇ ಕೇಳಿದೆ. ಅವಳು ಪಾಠ ಒಪ್ಪಿಸಿದಂತೆ ಹೇಳಿದಳು. "ತೂಕ ನೋಡಿ ನೋವಿನ ಔಷಧಿ ಕೊಟ್ಟಿದ್ದಾರೆ ಅಕ್ಕ. ಎರಡು ಮೂರು ದಿನ ನೋಡೋಣ, ಜ್ವರ ಇಳೀದೇ ಇದ್ರೆ, ಕಿವಿ ಸೋರಿದ್ರೆ ತಕ್ಷಣ ಬನ್ನಿ ಅಂದ್ರು. ನೆಗಡಿ ಸಿರಪ್ಪು, ಅಲರ್ಜಿ ಸಿರಪ್ಪು ಕಿವಿಗೆ ಏನೂ ಮಾಡಲ್ವಂತೆ. ಮಗು ಮಂಕಾಗುತ್ತೆ ಅಷ್ಟೇ ಅಂತೆ." ಹೇಳುವಾಗ ನನ್ನ ಮುಖ ನೋಡಲಿಲ್ಲ.

ಏನೂ ಮಾಡುವುದಿಲ್ಲವಂತೆ! ನಾನೂ ಅಂತೆ ಅಂತೆ ಅಂದುಕೊಂಡು ಮೆಟ್ಟಿಲು ಹತ್ತಿ ಬಂದೆ. ಊಟ ಸೇರಲಿಲ್ಲ.

ಫೆಬ್ರವರಿ 8, ಶನಿವಾರ

ತೀರ್ಮಾನ ಮಾಡಿದೆ. ಮಾತು ಅವಳಾಡಲಿ, ಗುಣ ನಾನು ಮಾಡುತ್ತೇನೆ. ದಿನಾಂಕ, ಗಂಟೆ ಎಲ್ಲ ಇಲ್ಲಿ ಬರೆದಿಡುತ್ತೇನೆ. ಒಂದು ದಿನ ಇದನ್ನು ಅವಳ ಮೇಜಿನ ಮೇಲೆ ಇಟ್ಟು "ನೋಡಿ ಡಾಕ್ಟ್ರೇ" ಅನ್ನುತ್ತೇನೆ.

ನೆಟ್ಟಗಿನ ಹಳೇ ಬಾಟಲಿಗಳು ಮುಗಿದಿವೆ. ಈಗ ಬರುವುದು ಕತ್ತು ಸಣ್ಣ, ಕೆಳಗೆ ಗುಂಡಗೆ, ಹೊಟ್ಟೆ ಬಂದವರ ಹಾಗಿನ ಬಾಟಲಿ. ನೋಡಲು ಚೆನ್ನಾಗಿವೆ. ಅದರಲ್ಲೇ ಬೆರೆಸಿ, ಪಟ್ಟಿ ಮಡಚಿ ಅಂಟಿಸಿದೆ. ಎಂಟು ಗೆರೆ.

ಮಧ್ಯಾಹ್ನ 1:00 – ಒಂದು ಗೆರೆ, ಲೋಟಕ್ಕೆ ಬಗ್ಗಿಸಿ.

"ಇದೇನು ಅತ್ತೆ?"

"ಶರಬತ್ತು. ನಮ್ಮಿಬ್ಬರ ಗುಟ್ಟು."

"ಗುಟ್ಟು ಗುಟ್ಟು ಗುಟ್ಟು," ಅಂತ ಗಿಣಿ ಕುಣಿದಳು. 1:40ಕ್ಕೆ ಸ್ವಲ್ಪ ತೂಕಡಿಕೆ. ಕಿವಿ ಮುಟ್ಟಿಕೊಂಡದ್ದು ಎರಡು ಸಲ ಮಾತ್ರ. ನಿನ್ನೆ ಹನ್ನೊಂದು ಸಲ.

ಫೆಬ್ರವರಿ 10, ಸೋಮವಾರ

ನೋವು ಇಳಿದಿದೆ! ನಿನ್ನೆ ಒಂದು ಗೆರೆ, ಇವತ್ತು ಒಂದು. ಗಿಣಿ ನಗುತ್ತಾಳೆ, ಬಿಸ್ಕತ್ತು ಕಡಿಯುತ್ತಾಳೆ, ಕಿವಿಯ ಸುದ್ದಿಯೇ ಇಲ್ಲ.

ಆದರೆ ನಡೆದದ್ದನ್ನು ಬರೆಯುತ್ತೇನೆ. ಸಂಜೆ ಕೆಳಗಿನ ಮನೆಯಲ್ಲಿ ನಾದಿನಿ ಮುಖವೆಲ್ಲ ಬೆಳಕು ಮಾಡಿಕೊಂಡು ತಮ್ಮನಿಗೆ ಹೇಳುತ್ತಿದ್ದಳು. "ನೋಡಿ, ಡಾಕ್ಟರಮ್ಮ ಹೇಳಿದ ಹಾಗೇ ಆಯ್ತು. ಮೂರನೇ ದಿನಕ್ಕೆ ನೋವು ಮಾಯ. ಸುಮ್ಮನೆ ಔಷಧಿ ಸುರೀಲಿಲ್ಲ, ಪುಣ್ಯಾತ್ಗಿತ್ತಿ."

ತಮ್ಮ ನನ್ನ ಕಡೆ ತಿರುಗಿ, "ಅಲ್ವಾ ಅಕ್ಕ? ಒಳ್ಳೇ ಡಾಕ್ಟ್ರು ಸಿಕ್ಕಿದ್ರು ನಮ್ಮ ಬೀದಿಗೆ" ಅಂದ.

ಔಷಧಿ ನನ್ನದು, ಕೈ ನನ್ನದು, ಹೆಸರು ಅವಳದು! ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಮುಚ್ಚಿಕೊಂಡು ಇರಲಾಗುವುದಿಲ್ಲ. "ಹೂಂ" ಅಂದೆ. ಆ ಒಂದು ಹೂಂಗೆ ನನ್ನ ಜೀವ ಅರ್ಧ ಹೋಯಿತು. ಗಿಣಿ ಬೇರೆ ಚಮಚ ಹಿಡಿದು ಎಲ್ಲರ ಕಿವಿಗೆ ಟಾರ್ಚ್ ಬಿಡುತ್ತಿದ್ದಳು. ನನ್ನ ಕಿವಿ ನೋಡಿ, "ನಿನ್ನ ಕಿವೀಲಿ ಗುಹೆ ಇಲ್ಲ ಅತ್ತೆ" ಅಂದಳು.

ಮೂಗು ಇನ್ನೂ ಸೋರುತ್ತಿದೆ. ಗೆರೆ ಎಂಟೂ ಮುಗಿಯಬೇಕು. ನಾಳೆಯಿಂದ ಎರಡು ಹೊತ್ತು. ಅರ್ಧಕ್ಕೆ ಬಿಟ್ಟು ನೋವು ಮತ್ತೆ ಬಂದರೆ ಆಗಲೂ ಓಡುವುದು ಅವಳ ಹತ್ತಿರವೇ.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ 8:10, ಮಧ್ಯಾಹ್ನ 1:00. ಒಂದೊಂದು ಗೆರೆ. ಬೆಳಗಿನ ಹೊತ್ತು ಮಗುವನ್ನು ಶಿಶುವಿಹಾರಕ್ಕೆ ಬಿಡುವುದು ನಾನೇ, ಹಾಗಾಗಿ ತೊಂದರೆಯಿಲ್ಲ.

ಮಧ್ಯಾಹ್ನ ಮೂರಕ್ಕೆ ಕೆಂಪು ಚಪ್ಪಲಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿತು. ಕ್ಲಿನಿಕ್ಕಿಗೆ ಹತ್ತಿಯುಂಡೆ, ಬ್ಯಾಂಡೇಜು ಬೇಕಂತೆ. ಗಿಣಿ ಚಾಪೆಯ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಎದ್ದಿದ್ದರೆ ಓಡಿಹೋಗಿ ಅವಳ ಸೊಂಟಕ್ಕೆ ಜೋತುಬೀಳುತ್ತಿದ್ದಳು. ಏಳದಿದ್ದದ್ದು ನನಗೆ ಸಂತೋಷವಾಯಿತು.

ಅವಳು ಶೋಕೇಸಿನಲ್ಲಿದ್ದ ಬಾಟಲಿಯ ಪಟ್ಟಿಯನ್ನು ಬೆರಳಿನಿಂದ ಸವರಿದಳು. "ಇದು ನೀವೇ ಮಾಡೋದಾ ಮೇಡಂ? ನಮ್ಮ ಅಜ್ಜಿ ಹೇಳ್ತಿದ್ರು, ಹಿಂದೆ ಹೀಗೇ ಕೊಡ್ತಿದ್ರಂತೆ. ನಾನು ನೋಡೇ ಇರಲಿಲ್ಲ. ನನಗೂ ಕಲಿಸ್ತೀರಾ?"

"ಔಷಧಿ ಬರೆಯೋರು ತಾನೇ ಕಲೀಬೇಕು," ಅಂದೆ.

ಅವಳಿಗೆ ತಾಗಿತು, ಆದರೂ ನಕ್ಕಳು. "ನಿಮಗೆ ನನ್ನ ಮೇಲೆ ಬೇಜಾರು ಅಂತ ಗೊತ್ತು. ನಾನೇನೂ ನನ್ನ ತಲೆಯಿಂದ ಹೇಳ್ತಿಲ್ಲ. ಕಿವಿಯ ಸೋಂಕಿದ್ದ ಎಷ್ಟೋ ಮಕ್ಕಳಲ್ಲಿ ಕೆಲವರಿಗೆ ಆ ಸಿರಪ್ ಕೊಟ್ಟು, ಕೆಲವರಿಗೆ ಕೊಡದೆ ನೋಡಿದ್ದಾರೆ. ಇಬ್ಬರಿಗೂ ವಾಸಿಯಾಗೋದು ಅಷ್ಟೇ ದಿನದಲ್ಲಿ. ಕೊಟ್ಟ ಮಕ್ಕಳಿಗೆ ಮಂಪರು, ಇಲ್ಲ ಅಂದ್ರೆ ಹಟ, ಎದೆ ಹೊಡೆದುಕೊಳ್ಳೋದು, ಇವು ಮಾತ್ರ ಜಾಸ್ತಿ."

"ನಿಮ್ಮ ವಯಸ್ಸಿನಷ್ಟು ಕಾಲ ನಾನು ಈ ಬಾಟಲಿ ತೊಳೆದಿದ್ದೀನಿ ಡಾಕ್ಟ್ರೇ. ಎಷ್ಟು ಮಕ್ಕಳು ವಾಸಿಯಾದ್ರು ಅಂತ ಬೀದೀನ ಕೇಳಿ."

"ಆಗಿರ್ತಾರೆ ಮೇಡಂ. ಕೊಡದೇ ಇದ್ದಿದ್ರೂ ಆಗ್ತಿದ್ರು."

ಚಿಲ್ಲರೆ ಎಣಿಸಿ ಅವಳ ಕೈಗೆ ಇಡಲಿಲ್ಲ, ಗಾಜಿನ ಮೇಲೆ ಇಟ್ಟೆ. ಇಪ್ಪತ್ತಾರು ವರ್ಷವನ್ನು ಒಂದು ಸಾಲಿನಲ್ಲಿ ಒರೆಸಿಹಾಕಿ, ಕೆಂಪು ಚಪ್ಪಲಿ ಟಪಟಪ ಅನ್ನಿಸುತ್ತ ಬೀದಿ ದಾಟಿದಳು. ನಡಿಗೆ ನೋಡಬೇಕು!

ಫೆಬ್ರವರಿ 12, ಬುಧವಾರ

8:10, 1:00. ಆರು, ಏಳನೆಯ ಗೆರೆ. ಮಧ್ಯಾಹ್ನ ಊಟದ ತಟ್ಟೆಯ ಮುಂದೆಯೇ ನಿದ್ದೆ. ಮೈ ಸ್ವಲ್ಪ ಬೆಚ್ಚಗಿದೆ. ಒಳಗಿರುವ ಸೋಂಕು ಹೊರಟುಹೋಗುತ್ತಿರಬೇಕು. ನಾದಿನಿ ಬಂದು ಎತ್ತಿಕೊಂಡಾಗಲೂ ಏಳಲಿಲ್ಲ. "ಇವಳೇನು ಅಕ್ಕ ಇಷ್ಟು ನಿದ್ದೆ ಮಾಡ್ತಾಳೆ?" ಅಂದಳು.

"ನೋವು ಹೋಗಿ ಆರಾಮಾಗಿದ್ದಾಳೆ," ಅಂದೆ.

ಫೆಬ್ರವರಿ 14, ಶುಕ್ರವಾರ

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ. ಡೈರಿಯೂ ನನ್ನ ಹತ್ತಿರ ಇರಲಿಲ್ಲ.

ಬೆಳಿಗ್ಗೆ 8:10ಕ್ಕೆ ಎಂಟನೆಯ ಗೆರೆ ಕೊಟ್ಟೆ. ಕೊನೆಯದು. ಶಿಶುವಿಹಾರಕ್ಕೆ ಬಿಟ್ಟು ಬಂದೆ. ಹತ್ತೂಮುಕ್ಕಾಲಿಗೆ ನಾದಿನಿ ಗಿಣಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಓಡುವುದು ಕಾಣಿಸಿತು. ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ, ಬೆರಳಿನಲ್ಲಿ ಮುದ್ರೆಯ ಶಾಯಿ. ಮಗು ಮೇಜಿಗೆ ತಲೆಯಿಟ್ಟದ್ದು ಏಳುತ್ತಲೇ ಇಲ್ಲ ಎಂದು ಟೀಚರು ಫೋನ್ ಮಾಡಿದ್ದರಂತೆ. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದೆಯೇ ಓಡಿದೆ.

ಡಾಕ್ಟರು ಮಗುವನ್ನು ಮಂಚದ ಮೇಲೆ ಮಲಗಿಸಿದಳು. ಕಣ್ಣಿಗೆ ಬೆಳಕು ಬಿಟ್ಟಳು, ಕತ್ತನ್ನು ಎತ್ತಿ ನೋಡಿದಳು, ಕಿವಿ ನೋಡಿದಳು, ಅಂಗಾಲಿಗೆ ತಟ್ಟಿದಳು. ಗಿಣಿ ಒಂದು ಸಲ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಳು. ನಗುವ ಡಾಕ್ಟರು ಅವತ್ತು ನಗಲಿಲ್ಲ.

"ಜ್ವರ ಮತ್ತೆ ಬಂದಿದೆ. ಕಿವಿ ಇನ್ನೂ ಕೆಂಪಗಿದೆ. ಆದ್ರೆ ಇಷ್ಟು ಮಂಪರು ಇರಬಾರದು. ಸೋಂಕು ಕಿವಿಯಿಂದ ಮೆದುಳಿನ ಕಡೆ ಹೋಗಿದೆಯಾ ಅಂತ ನೋಡಲೇಬೇಕು. ದೊಡ್ಡಾಸ್ಪತ್ರೆಗೆ ಕಳಿಸ್ತೀನಿ, ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡ್ತಾರೆ. ಹೆದರಬೇಡಿ. ಯಾವ್ಯಾವ ಔಷಧಿ ಕೊಟ್ಟಿದ್ದೀರಾ?"

"ನೀವು ಹೇಳಿದ್ದು ಬಿಟ್ಟು ಬೇರೇನೂ ಇಲ್ಲ."

"ನೆಗಡಿಗೆ? ಅಲರ್ಜಿಗೆ? ನಿದ್ದೆ ಬರೋ ಅಂಥದ್ದು ಏನಾದ್ರೂ?"

"ಏನೂ ಇಲ್ಲ ಡಾಕ್ಟ್ರೇ. ಬೇಕಾದ್ರೆ ಅಕ್ಕನ್ನ ಕೇಳಿ. ಮಗು ಇವರ ಕೈಯಲ್ಲೇ ಇರುತ್ತೆ."

ಡಾಕ್ಟರು ನನ್ನ ಕಡೆ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ. ಅವಳು ಆಂಬುಲೆನ್ಸಿಗೆ ಫೋನ್ ಹಚ್ಚಿದಳು. ಸೆಕೆಂಡಿನ ಮುಳ್ಳು ಮೂರು ಸುತ್ತು ಬಂತು. ಈ ಡೈರಿಯಲ್ಲಿ ಸುಳ್ಳು ಬರೆದರೆ ಯಾರಿಗೆ ಬರೆದ ಹಾಗಾಯಿತು? ಆ ಮೂರು ಸುತ್ತಿನಲ್ಲಿ ನಾನು ಯೋಚಿಸಿದ್ದು ಗಿಣಿಯ ಬೆನ್ನನ್ನಲ್ಲ. ಈಗ ಬಾಯಿ ಬಿಟ್ಟರೆ ಇವಳು ಗೆಲ್ಲುತ್ತಾಳಲ್ಲ ಎಂದು ಯೋಚಿಸಿದೆ. ಮೂರು ಸುತ್ತು ಪೂರ್ತಿ ಅದನ್ನೇ ಯೋಚಿಸಿದೆ.

ಆಮೇಲೆ ಗಿಣಿಯ ಕೈ ಮಂಚದಿಂದ ಜಾರಿ ಕೆಳಗೆ ಜೋತುಬಿತ್ತು. ಬಿಸ್ಕತ್ತಿನ ಚೂರು ಅಂಟಿದ್ದ ಸಣ್ಣ ಕೈ. "ನಾನು ಕೊಟ್ಟಿದ್ದೀನಿ," ಅಂದೆ.

ನಾದಿನಿಗೆ ಅರ್ಥವಾಗಲಿಲ್ಲ. "ಏನು ಕೊಟ್ಟಿದ್ದೀರಾ ಅಕ್ಕ?"

"ಎರಡೂ ಸಿರಪ್ಪು. ಶನಿವಾರದಿಂದ. ಶರಬತ್ತು ಅಂತ ಹೇಳಿ."

"ಎಷ್ಟು ಹೊತ್ತಿಗೆ, ಎಷ್ಟೆಷ್ಟು?" ಡಾಕ್ಟರ ದನಿಯಲ್ಲಿ ಕೋಪವಿರಲಿಲ್ಲ, ಅವಸರ ಮಾತ್ರ ಇತ್ತು. ಚೀಲದಿಂದ ಈ ಡೈರಿ ತೆಗೆದು ಕೊಟ್ಟೆ. ಎಲ್ಲ ಇದರಲ್ಲಿತ್ತು, ನಿಮಿಷ ಸಮೇತ. ಅವಳಿಗೆ ತೋರಿಸಬೇಕೆಂದೇ ಬರೆದದ್ದು.

ಅವಳು ಹಾಳೆ ತಿರುಗಿಸುತ್ತ ಹೋದಳು. ಎಲ್ಲಿ ಏನಿದೆ ಎಂದು ನನಗೆ ಗೊತ್ತು. ಮೊದಲನೆಯ ಹಾಳೆಯಲ್ಲೇ ಕೆಂಪು ಚಪ್ಪಲಿ ಇದೆ.

ಆಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಗಂಟೆ, ಗೆರೆ ಎಲ್ಲ ಓದಿ ಹೇಳಿದಳು. ಮಗುವಿನ ಕತ್ತು ಸಡಿಲವಾಗಿದೆ, ಕರೆದರೆ ಕಣ್ಣು ಬಿಡುತ್ತಾಳೆ, ಸ್ವಲ್ಪ ಹೊತ್ತು ಇಲ್ಲೇ ನೋಡೋಣ ಎಂದು ಇಬ್ಬರೂ ಒಪ್ಪಿದರು. ಆಂಬುಲೆನ್ಸ್ ಬಾಗಿಲಲ್ಲೇ ನಿಂತಿತ್ತು. ಗಿಣಿಯ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದರು. ಹೊರಗೆ ಕಾಯುತ್ತಿದ್ದ ತಾಯಂದಿರನ್ನು ಸಂಜೆಗೆ ಬರಲು ಹೇಳಿ, ಡಾಕ್ಟರು ಮಂಚದ ಪಕ್ಕದಿಂದ ಏಳಲೇ ಇಲ್ಲ. ನಾದಿನಿ ನನ್ನ ಕಡೆಗೆ ಬೆನ್ನು ಹಾಕಿ, ಗಿಣಿಯ ಕಾಲು ಹಿಡಿದುಕೊಂಡು ಕೂತಳು. ಬೈದಿದ್ದರೆ ಒಳ್ಳೆಯದಿತ್ತು.

ಎರಡೂಕಾಲಿಗೆ ಗಿಣಿ ಪೂರ್ತಿ ಕಣ್ಣು ಬಿಟ್ಟಳು. ನೀರು ಕೇಳಿ ಕುಡಿದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ "ಡಾಕ್ಟರಮ್ಮ, ಟಾರ್ಚ್" ಅಂದಳು.

ಆಗಲೂ ನನಗೆ ಚುರ್ ಅಂದಿತು. ನಾಚಿಕೆಯಿಲ್ಲದ ಹೊಟ್ಟೆ. ಬರೆದಿಡಬೇಕು, ಬರೆದೆ.

ಇವತ್ತು ಬೆಳಿಗ್ಗೆ ಡಾಕ್ಟರು ಅಂಗಡಿಗೆ ಬಂದು ಡೈರಿ ವಾಪಸ್ ಕೊಟ್ಟರು. "ನೀವು ಗಂಟೆ ಬರೆದಿಟ್ಟಿದ್ದರಿಂದ ಸೂಜಿ ತಪ್ಪಿತು ಮೇಡಂ. ನನಗೆ ಬೇಕಾಗಿದ್ದು ಗಂಟೆ ಮಾತ್ರ. ಮಿಕ್ಕಿದ್ದು ಕಣ್ಣಿಗೆ ಬಿತ್ತು." ತಮ್ಮ ಕಾಲಿನ ಕಡೆ ನೋಡಿಕೊಂಡರು. "ಇವು ಕಾಲು ಕಚ್ಚಲ್ಲ, ಅದಕ್ಕೆ ಹಾಕ್ತೀನಿ."

ಭೂಮಿ ಬಾಯಿ ಬಿಟ್ಟಿದ್ದರೆ ಬಾಟಲಿ ಸಮೇತ ಒಳಗೆ ಇಳಿಯುತ್ತಿದ್ದೆ.

ಫೆಬ್ರವರಿ 15, ಶನಿವಾರ

ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಐದು ಎಂ.ಎಲ್. ಔಷಧಿಗೆ ತೂಕಡಿಕೆ ಬರಬಹುದು, ಅಷ್ಟು ಮಂಪರು ಯಾಕೆ ಬಂತು? ಮೊದಲ ದಿನ ಕುಣಿದ ಮಗು ಕೊನೆಯ ದಿನ ಏಳಲಿಲ್ಲ ಯಾಕೆ?

ಗಿಣಿಯ ಖಾಲಿ ಬಾಟಲಿಗೆ ಕತ್ತಿನವರೆಗೆ ನೀರು ತುಂಬಿಸಿ, ಗೆರೆಯಿಂದ ಗೆರೆಗೆ ಅಳತೆಯ ಗಾಜಿಗೆ ಬಗ್ಗಿಸಿದೆ. ಒಂದೊಂದಕ್ಕೂ ಐದು ಬರಬೇಕು. ಮೊದಲನೆಯದಕ್ಕೆ ಎರಡೂವರೆ. ಎರಡನೆಯದಕ್ಕೆ ಮೂರು. ಏಳನೆಯದಕ್ಕೆ ಏಳು. ಎಂಟನೆಯದಕ್ಕೆ ಒಂಬತ್ತು.

ಮತ್ತೆ ತುಂಬಿಸಿ ಅಳೆದೆ. ಅಷ್ಟೇ.

ಬಾಟಲಿ ನೆಟ್ಟಗಿದ್ದಾಗ ಸಮನಾದ ಗೆರೆಗೆ ಸಮನಾದ ಔಷಧಿ. ಹೊಟ್ಟೆ ಬಂದ ಬಾಟಲಿಯಲ್ಲಿ ಹಾಗಲ್ಲ. ಎಂಟು ಸಮಪಾಲು ಆಗಿದ್ದು ಕಾಗದ ಮಾತ್ರ. ಇದು ಶಾಲೆಯ ಮಕ್ಕಳಿಗೂ ಹೊಳೆಯುತ್ತದೆ. ಬೇರೆ ಯಾವ ಅಂಗಡಿಯಲ್ಲಾದರೂ ಅಳತೆಯ ಮುಚ್ಚಳ ಕೊಟ್ಟಿರುತ್ತಿದ್ದರು, ಈ ತಪ್ಪು ಆಗುತ್ತಲೇ ಇರಲಿಲ್ಲ. ನನ್ನ ಕೈಯಲ್ಲಿ ಆಯಿತು, ಪಟ್ಟಿ ಮಡಚಲು ಬರುತ್ತದೆ ಎಂಬ ಕೊಬ್ಬಿಗೆ.

ಈ ಬಾಟಲಿಯಲ್ಲಿ ಇನ್ನೂ ಐದು ಮನೆಗೆ ಕೊಟ್ಟಿದ್ದೇನೆ.

ಅಂಗಡಿ ಮುಚ್ಚಿ ಐದೂ ಮನೆಗೆ ಹೋಗಿ ಬಂದೆ. ನಾಲ್ಕು ಬಾಟಲಿ ಸಿಕ್ಕಿದವು, ಒಂದನ್ನು ಎಸೆದಿದ್ದರು. ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಮೂರನೆಯ ಮನೆಯ ತಾಯಿ ಕೊಡಲು ಒಪ್ಪಲಿಲ್ಲ. "ಇರಲಿ ಬಿಡಿ ಆಂಟಿ, ಇದು ಕೊಟ್ರೆ ಚೆನ್ನಾಗಿ ನಿದ್ದೆ ಮಾಡುತ್ತೆ ಮಗು."

"ನಿದ್ದೆ ಬೇರೆ, ವಾಸಿ ಬೇರೆ ಕಣಮ್ಮ," ಅಂದೆ. ಕಸಿದುಕೊಂಡ ಹಾಗೆ ತಂದೆ.

ಫೆಬ್ರವರಿ 19, ಬುಧವಾರ

ಹನ್ನೆರಡೂವರೆ. ಗಿಣಿ ಬರಲಿಲ್ಲ. ನಾದಿನಿ ಅವಳನ್ನು ತನ್ನ ಜೊತೆ ಕೆಲಸ ಮಾಡುವವಳ ಅಮ್ಮನ ಮನೆಯಲ್ಲಿ ಬಿಡುತ್ತಿದ್ದಾಳೆ.

ಚಾಪೆ ಸುತ್ತಿಟ್ಟೆ.

ಫೆಬ್ರವರಿ 22, ಶನಿವಾರ

ತಮ್ಮ ಮಹಡಿಗೆ ಬಂದಿದ್ದ. "ಅಕ್ಕ, ನೀನು ಕೊಟ್ಟೆ ಅಂತ ಅಲ್ಲ ಅವಳಿಗೆ ಬೇಜಾರು. ಮಗು ಹತ್ರ ಗುಟ್ಟು ಮಾಡಿಸಿದೆ ಅಂತ."



ಅಂಗಡಿಯಿಂದ ಎಲ್ಲ ಕಾಣುತ್ತದೆ. ಎರಡು ಮೂರು ದಿನಕ್ಕೊಮ್ಮೆ ಗಿಣಿಯನ್ನು ತೋರಿಸಲು ಕ್ಲಿನಿಕ್ಕಿಗೆ ಕರೆದೊಯ್ಯುತ್ತಾರೆ. ಡಾಕ್ಟರು ಬಾಗಿಲಿಗೆ ಬಂದು ಎತ್ತಿಕೊಳ್ಳುತ್ತಾರೆ. ಗಿಣಿ ಅವರ ಕೊರಳಿಗೆ ಕೈ ಹಾಕುತ್ತಾಳೆ. ನಾನು ಮಾತ್ರೆಯ ಪೆಟ್ಟಿಗೆಗಳನ್ನು ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತೇನೆ. ಕೆಂಪು ಚಪ್ಪಲಿ ಒಂದರ ಬಾರು ಕಿತ್ತಿದೆ, ಎಳೆದುಕೊಂಡು ನಡೆಯುತ್ತಾರೆ. ಹೊಲಿಸಿಕೊಳ್ಳಬಾರದೇ.

ಮಾರ್ಚ್ 3, ಸೋಮವಾರ

ಡಾಕ್ಟರು ಬಂದಿದ್ದರು. ಗಿಣಿಯ ಜ್ವರ, ನೋವು ಎಲ್ಲ ಹೋಗಿದೆ. ಆದರೆ ಎರಡೂ ಕಿವಿಯ ತಮಟೆಯ ಹಿಂದೆ ನೀರು ನಿಂತಿದೆ. ಕೇಳಿಸುವುದು ಕಡಿಮೆಯಾಗಿದೆ. ಎರಡು ಸಲ ಕರೆದರೆ "ಹಾಂ?" ಅನ್ನುತ್ತಾಳಂತೆ. ತಿರುಗಿ ಹೇಳುವುದನ್ನೇ ಬಿಟ್ಟಿದ್ದಾಳಂತೆ.

ನನ್ನ ಗಿಣಿ!

"ನನ್ನ ಸಿರಪ್ಪಿನಿಂದಲಾ?" ಎಂದು ಕೇಳಿದೆ.

"ಅಲ್ಲ ಮೇಡಂ. ಸೋಂಕಾದ ಮೇಲೆ ತುಂಬ ಮಕ್ಕಳಿಗೆ ಹೀಗೆ ನಿಲ್ಲುತ್ತೆ. ಸಿರಪ್ಪಿನಿಂದ ಬಂದಿದ್ದೂ ಅಲ್ಲ, ಸಿರಪ್ಪಿನಿಂದ ಹೋಗೋದೂ ಅಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನೇ ಇಂಗುತ್ತೆ. ಇಂಗದಿದ್ರೆ ಮುಂದಿನದು ಯೋಚನೆ ಮಾಡೋಣ. ಅಲ್ಲೀವರೆಗೆ ಯಾರಾದ್ರೂ ಗಮನ ಇಟ್ಟು ನೋಡ್ತಿರಬೇಕು."

ಹೇಗೆಂದು ಅವರೇ ಹೇಳಿಕೊಟ್ಟರು. ಮಗುವಿನ ಹಿಂದೆ ನಿಂತು, ತುಟಿ ಕಾಣಿಸದ ಹಾಗೆ, ಪಿಸುದನಿಯಲ್ಲಿ ಹತ್ತು ಮಾತು ಹೇಳಬೇಕು. ಮಗು ಎಷ್ಟನ್ನು ತಿರುಗಿ ಹೇಳುತ್ತದೆ ಎಂದು ಬರೆಯಬೇಕು. ವಾರಕ್ಕೆ ಎರಡು ಸಲ, ಒಂದೇ ಜಾಗದಲ್ಲಿ, ಒಂದೇ ದೂರದಿಂದ.

"ನನ್ನ ಹತ್ರ ಅವಳು ಟಾರ್ಚ್ ಆಟಾನೇ ಆಡ್ತಾಳೆ. ಅವಳಿಗೆ ಯಾವ ಮಾತು ಗೊತ್ತು, ಯಾವುದು ಗೊತ್ತಿಲ್ಲ ಅಂತ ನಿಮಗೆ ಗೊತ್ತು. ಬರೆದಿಡೋ ಅಭ್ಯಾಸಾನೂ ಇದೆ." ಕಣ್ಣಂಚಿನಲ್ಲಿ ನಗು ಬಂದು ಹೋಯಿತು. "ಅವರಮ್ಮನ ಹತ್ರ ಮಾತಾಡಿದ್ದೀನಿ. ಅವರು ಬಾಗಿಲಲ್ಲಿ ಕೂತಿರ್ತಾರಂತೆ."

ಮಾರ್ಚ್ 5, ಬುಧವಾರ

ಅಂಗಡಿ, ಸಂಜೆ 5. ನಾಲ್ಕು ಅಡಿ. ಕತ್ತರಿ, ಕಿಟಕಿ, ಬಸ್ಸು, ಚಮಚ, ಮೋಡ, ಇರುವೆ, ಬಾಗಿಲು, ಹಸಿರು, ಮೂಗು, ಪೆನ್ಸಿಲ್.

ಹತ್ತಕ್ಕೆ ಮೂರು.

ಏಳು ಸಲ ಗಿಣಿ ಸುಮ್ಮನೆ ಗೋಡೆ ನೋಡುತ್ತ ಕೂತಿದ್ದಳು, ನಾನು ಮಾತೇ ಆಡಿಲ್ಲ ಎಂಬ ಹಾಗೆ. ನಾದಿನಿ ಹೊಸ್ತಿಲ ಮೇಲೆ ಕೂತು ಚೀಲದ ದಾರ ಸುತ್ತುತ್ತ ಬಿಚ್ಚುತ್ತ ಇದ್ದಳು. ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಹೋದಳು. ಹೋಗುವಾಗ "ಶುಕ್ರವಾರ ಬರ್ತೀವಿ" ಅಂದಳು. ಮೂರು ವಾರದಲ್ಲಿ ನನಗೆ ಹೇಳಿದ ಮೊದಲ ಮಾತು.

ಮಾರ್ಚ್ 14, ಶುಕ್ರವಾರ

ಹತ್ತಕ್ಕೆ ನಾಲ್ಕು. ಎಡಗಿವಿ ಪರವಾಗಿಲ್ಲವಂತೆ, ಡಾಕ್ಟರು ಟಾರ್ಚ್ ಬಿಟ್ಟು ನೋಡಿದ್ದಾರೆ. ಅವರಿಗೆ ಲೆಕ್ಕ ತೋರಿಸಿದೆ. ಗಾಬರಿ ಬೇಡ ಅಂದರು. ಅವರೂ ಗಾಬರಿಯಲ್ಲೇ ಇದ್ದರು, ಎರಡು ಸಲ ಲೆಕ್ಕ ನೋಡಿದರು.

ಮಾರ್ಚ್ 21, ಶುಕ್ರವಾರ

ಆರು. "ಇರುವೆ"ಗೆ "ಎರಡು" ಅಂದಳು. ಅದನ್ನು ಸೇರಿಸಿಲ್ಲ.

ಮಧ್ಯಾಹ್ನ ಒಬ್ಬಳು ಮಗುವನ್ನು ಕಂಕುಳಲ್ಲಿ ಹೊತ್ತು ಬಂದಳು. "ನಿಮ್ಮ ಎಂಟು ಗೆರೆ ಬಾಟಲಿ ಕೊಡಿ ಆಂಟಿ. ನಮ್ಮಕ್ಕನ ಮಕ್ಕಳಿಗೆಲ್ಲ ಅದೇ ಅಂತೆ. ಕಿವಿನೋವು."

ಇಲ್ಲವೆಂದೆ. ಅದರಿಂದ ಕಿವಿಗೇನೂ ಆಗುವುದಿಲ್ಲ, ನೋವಿಗೆ ಮಾತ್ರ ತೂಕದ ಪ್ರಕಾರ ಕೊಡುತ್ತೇನೆ, ಎದುರಿಗೆ ಡಾಕ್ಟರಿದ್ದಾರೆ, ಮೊದಲು ಒಮ್ಮೆ ಕಿವಿ ತೋರಿಸಿ ಎಂದೆ. ಅವಳು ಮೂಗು ಮುರಿದಳು. "ನೀವೂ ಆ ಡಾಕ್ಟ್ರ ಕಡೆಯವರಾಗಿಬಿಟ್ರಾ?"

ನಾನು ಯಾರ ಕಡೆಯವಳೂ ಅಲ್ಲ. ಅಳತೆಯ ಚಮಚ ಕೊಟ್ಟು, ಮಗುವಿನ ತೂಕ ನೋಡಿ ಕಳಿಸಿದೆ.

ಮಾರ್ಚ್ 28, ಶುಕ್ರವಾರ

ಎಂಟು.

ಡಾಕ್ಟರಿಗೆ ಹೇಳಲು ಹೋದರೆ ಅವರ ಮೇಜಿನ ಮೇಲೆ ಒಂದು ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ಪೆನ್ನು ನಿಲ್ಲಿಸಿದ್ದರು. 'ನನ್ನನ್ನು ಕೇಳದೆ ಕಲಿತಿದ್ದೀರಿ, ಅದಕ್ಕೇ ಸೊಟ್ಟಗಿದೆ' ಎಂದು ಕಿತ್ತು, ಸರಿಯಾಗಿ ಮಡಚಿ ಅಂಟಿಸಿ ಬಂದೆ.

ಏಪ್ರಿಲ್ 5, ಶನಿವಾರ

ನಿನ್ನೆ ನಾದಿನಿಗೆ ಕೆಲಸವಿತ್ತು, ಹಾಗಾಗಿ ಇವತ್ತು. ಸಂಜೆ 5. ನಾಲ್ಕು ಅಡಿ. ಗಿಣಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ, ನಾದಿನಿ ಹೊಸ್ತಿಲಲ್ಲಿ.

ಕತ್ತರಿ. "ಕತ್ತರಿ." ಮೋಡ. "ಮೋಡ." ಇರುವೆ. "ಇರುವೆ." ಒಂದಾದ ಮೇಲೊಂದು ಒಂಬತ್ತೂ ಸರಿ. ದನಿಯನ್ನು ತಗ್ಗಿಸುತ್ತಲೇ ಹೋದೆ, ಆದರೂ ಸರಿ.

ಹತ್ತನೆಯದು ಪೆನ್ಸಿಲ್. ಪಟ್ಟಿಯಲ್ಲಿ ಹಾಗೇ ಇದೆ. ಆದರೆ ನನಗೆ ಏನಾಯಿತೋ. ಹೇಳಿದ್ದನ್ನು ತಿರುಗಿ ಹೇಳುವ ಆಟ ತಾನೇ, ಒಂದು ಸಲ ಆ ಬಾಯಿಂದ ಕೇಳಿಬಿಡೋಣ ಅನ್ನಿಸಿತು. ನಾದಿನಿ ರಸ್ತೆಯ ಕಡೆ ನೋಡುತ್ತಿದ್ದಳು. ಇರುವೆಗೂ ಕೇಳಿಸದಷ್ಟು ಮೆಲ್ಲಗೆ ಅಂದೆ.

"ಡಾಕ್ಟರಮ್ಮನಿಗಿಂತ ನಮ್ಮತ್ತೆ ಇಷ್ಟ."

ಗಿಣಿ ಸುಮ್ಮನಿದ್ದಳು. ಗೋಡೆ ನೋಡುತ್ತಲೇ ಇದ್ದಳು. ಕೇಳಿಸಿಲ್ಲ. ಇನ್ನೂ ನೀರು ಇದೆ. ಒಂಬತ್ತು ಹೇಗೋ ಊಹೆಯಿಂದ ಹೇಳಿರಬೇಕು, ಅದೇ ಹತ್ತು ಮಾತು ಬಾಯಿಪಾಠ ಆಗಿಹೋಗಿದೆ, ನಾನು ಪಟ್ಟಿ ಬದಲಾಯಿಸಬೇಕಿತ್ತು. ಒಂದು ತಿಂಗಳ ಲೆಕ್ಕವೆಲ್ಲ ಸುಳ್ಳು. ಪೆನ್ನು ಎತ್ತಿ ತಪ್ಪು ಗುರುತು ಹಾಕಲು ಹೋದೆ.

ಗಿಣಿ ತಿರುಗಿದಳು. ಹುಬ್ಬು ಗಂಟು ಹಾಕಿಕೊಂಡಿದ್ದಳು.

"ಅದನ್ನ ನಾನು ಹೇಳಲ್ಲ ಅತ್ತೆ. ಅದು ಸುಳ್ಳು."

ಹೊಸ್ತಿಲಲ್ಲಿ ನಾದಿನಿ ಗಾಬರಿಯಿಂದ ಎದ್ದಳು. "ಏನು ಸುಳ್ಳು? ಏನಂದ್ರಿ ಅಕ್ಕ?"

"ಕೇಳಿಸ್ತು ಕಣೇ!" ಅಂದೆ. "ಪೂರ್ತಿ ಕೇಳಿಸಿದೆ!" ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟು, ಈ ಡೈರಿ ಹಿಡಿದುಕೊಂಡು ಬರಿಗಾಲಿನಲ್ಲೇ ಬೀದಿ ದಾಟಿ ಡಾಕ್ಟರಿಗೆ ತೋರಿಸಿ ಬಂದೆ.

ಹತ್ತಕ್ಕೆ ಹತ್ತು.